ಪಡುಕೆರೆ ಬೀಚಲ್ಲಿ ಗಲಿವರ್‌ನ ಕಟ್ಟಿ ಹಾಕಿದ್ದು – ನನ್ನ ಅನುಭವ

ಪುಟಾಣಿ ಜನರ ದೇಶಕ್ಕೆ ಹೋಗಿ ಬೀಳೋ ಗಲಿವರ್ ಕಥೆ ಇಟ್ಕೊಂಡು ಒಂದು ಕಾಮಿಡಿ ಶಾರ್ಟ್ ಫಿಲ್ಮ್ ಮಾಡುವ ಅಂದಾಗ ಎಲ್ರೂ ಕೇಳಿದ್ದು ಒಂದೇ, ಗ್ರಾಫಿಕ್ಸಿಗೆ ದುಡ್ಡು ಯಾರು ಕೊಡ್ತಾರೆ ಮಾರಾಯ ಅಂತ. ಗ್ರಾಫಿಕ್ಸ್ ಎಂತಕ್ಕೆ, ಉದ್ದದ ಬೀಚ್ ಉಂಟಲ್ಲ! ಜ್ಯಾಕ್ ಬ್ಲ್ಯಾಕ್ ನಟಿಸಿದ 2010ರ ಇಂಗ್ಲಿಷ್ ಸಿನಿಮಾದಲ್ಲಿ ಗಲಿವರ್ ನ್ಯೂಯಾರ್ಕಲ್ಲಿ ಪೇಪರ್ ಆಫೀಸಿನ ಟಪಾಲು ಹಂಚುವವ, ಬರ್ಮುಡಾ ಟ್ರಯಾಂಗಲ್ ಮೂಲಕ ಆ ಪುಟಾಣಿಗಳ ದೇಶ ಲಿಲಿಪುಟ್ ಸೇರ್ತಾನೆ. ಅವರು ಅಷ್ಟು ಬದಲು ಮಾಡಬಹುದಾದ್ರೆ ನಮ್ಮವ ಮಲ್ಪೆ ಬೋಟಿಂದ ಬಿದ್ರೆ ಎಂತ ತೊಂದರೆ.

1726ರ ಮೂಲ ಪುಸ್ತಕದಲ್ಲಿ ಅದನ್ನ ಬರೆದ ಸ್ವಿಫ್ಟ್ ಲೆಕ್ಕ ಪಕ್ಕಾ ಇಟ್ಟಿದ್ದಾನೆ, ಲಿಲಿಪುಟ್‌ನವರು ಹತ್ತಿರ ಹತ್ತಿರ 6 ಇಂಚು, ಅಂದ್ರೆ ನಮ್ಮ 12ರಲ್ಲಿ ಒಂದು ಪಾಲು. ಹಾಗಾಗಿ ಗಲಿವರ್ ಕ್ಯಾಮೆರಾದಿಂದ 1 ಮೀಟರಲ್ಲಿ ಮಲಗಿದ್ರೆ ಉಳಿದವರು 12 ಮೀಟರ್ ದೂರ ನಿಂತ್ರೆ ಆಯ್ತು, ಸೀದಾ ಅವನ ಹೊಟ್ಟೆ ಮೇಲೆ ನಿಂತ ಹಾಗೆ ಕಾಣ್ತದೆ. ಕಷ್ಟ ಇರೋದು ಕ್ಯಾಮೆರಾ ಎತ್ತರದಲ್ಲಿ. ಎರಡು ಬೆರಳು ಮೇಲೆ ಹೋದ್ರೂ ಶರ್ಟಿಗೂ ಅವರ ಕಾಲಿಗೂ ನಡುವೆ ಮರಳು ಕಂಡು ಗಾಳಿಯಲ್ಲಿ ತೇಲ್ತಾರೆ, ತುಂಬ ಇಳಿಸಿದ್ರೆ ಮೊಣಕಾಲು ತನಕ ಮಾಯ. ಪಾದ ಮಾತ್ರ ಶರ್ಟಿನ ಮಡಿಕೆಯ ಹಿಂದೆ ಅಡಗಿದ್ರೆ ಸರಿ, ಅದಕ್ಕೆ ಟ್ರೈಪಾಡ್ ಬಿಟ್ಟು ಮರಳು ಗುಡ್ಡೆ ಮಾಡಿ ಫೋನ್ ಇಟ್ವಿ. ದೊಡ್ಡ ಕ್ಯಾಮೆರಾ ಯಾರೋ ಕೊಡ್ತೇನೆ ಅಂದ್ರು, ಬೇಡ ಅಂದೆ, ಹಳೇ ಫೋನಿನ ಸಣ್ಣ ಸೆನ್ಸರಲ್ಲೇ ಹತ್ತಿರದ್ದೂ ದೂರದ್ದೂ ಎರಡೂ ಶಾರ್ಪ್ ಬರೋದು.

ಮೋಡ ಇರೋ ದಿನವೇ ಶೂಟ್ ಮಾಡಿ. ಬಿಸಿಲಿದ್ರೆ ದೂರ ನಿಂತವರ ನೆರಳು ಹಿಂದಿನ ಮರಳಲ್ಲಿ ಬೀಳ್ತದೆ ಹೊರತು ಹೊಟ್ಟೆ ಮೇಲಲ್ಲ, ಗುಟ್ಟು ರಟ್ಟು.

ಗಲಿವರ್‌ನ ಕಟ್ಟೋ ಹಗ್ಗಕ್ಕೆ ಮಲ್ಲಿಗೆ ಕಟ್ಟೋ ಬಾಳೆನಾರು, ಗೂಟಕ್ಕೆ ಹಿಡಿಸೂಡಿ (ಪೊರಕೆ) ಕಡ್ಡಿ. ನಾರಿನ ಎಳೆ ಎಳೆ ಕಾಣ್ತಿತ್ತು, ಕ್ಯಾಮೆರಾದಲ್ಲಿ ಹಡಗಿನ ಹಗ್ಗವೇ. ಇಬ್ಬರೂ ಮುಖ ನೋಡಿ ಮಾತಾಡಿದ ಹಾಗೆ ಕಾಣ್ಬೇಕಲ್ಲ, ಅದಕ್ಕೆ ಗಲಿವರ್ ಆದ ಭಾವನಿಗೆ ದೂರ ನಿಂತವರ ಮುಖ ನೋಡಬೇಡಿ, ನಿಮ್ಮ ಶರ್ಟಿನ ಮೂರನೇ ಗುಂಡಿ ನೋಡಿ ಮಾತಾಡಿ ಅಂದೆ, ಆ ಕಡೆಯವರಿಗೆ ಎಡಕ್ಕೆ ಎಳೆದು ಹಾಕಿದ್ದ ದೋಣಿಯ ಮೂತಿ ನೋಡಿ ಅಂದೆ. ಕಡಲ ಶಬ್ದಕ್ಕೆ ಆ್ಯಕ್ಷನ್ ಅಂದದ್ದು ಅಲ್ಲಿಗೆ ಕೇಳೋದೇ ಇಲ್ಲ, ಬೈರಾಸು (ಟವೆಲ್) ಬೀಸಿದ್ರೆ ಶುರು. ಡಬ್ಬಿಂಗ್ ಎಲ್ಲ ಆಮೇಲೆ ಮನೆಯಲ್ಲಿ.

ಆದ್ರೆ ಸೈಜ್ ನೋಡಿ ಜನ ನಗೋದು ಒಂದು ನಿಮಿಷ ಅಷ್ಟೇ. ಆಮೇಲೆ ನಗಿಸೋದು ಆ ಕುಳ್ಳರ ಸರ್ಕಾರಿ ಗಾಂಭೀರ್ಯ. ಪುಸ್ತಕದಲ್ಲಿ ಅವನ ಕಿಸೆ ತಪಾಸಣೆ ಮಾಡಿದ ಅಧಿಕಾರಿಗಳು ಗಡಿಯಾರ ನೋಡಿ ಇದು ಒಂದೋ ಯಾವುದೋ ಪ್ರಾಣಿ, ಇಲ್ಲಾಂದ್ರೆ ಇವನು ಪೂಜಿಸೋ ದೇವರು ಅಂತ ವರದಿ ಬರೀತಾರೆ. ನಾವು ಗಡಿಯಾರದ ಬದಲು ಮೊಬೈಲ್ ಮಾಡಿದ್ವಿ: "ಘಳಿಗೆಗೊಮ್ಮೆ ತೆಗೆದು ದರ್ಶನ ಮಾಡ್ತಾನೆ, ಹೆಬ್ಬೆರಳಲ್ಲಿ ಸೇವೆ ಸಲ್ಲಿಸ್ತಾನೆ, ರಾತ್ರಿ ಗೋಡೆಗೆ ಕಟ್ಟಿ ನೈವೇದ್ಯ ಇಡ್ತಾನೆ." ಈ ವರದಿ ಓದಿದವ ಯಕ್ಷಗಾನದಲ್ಲಿ ಹಾಸ್ಯ ಮಾಡೋ ಹುಡುಗ, ಒಂಚೂರೂ ನಗದೆ ಓದಿದ. ಪುಸ್ತಕದಲ್ಲಿ ಬರೋ, ಮೊಟ್ಟೆ ಯಾವ ತುದಿಯಿಂದ ಒಡೀಬೇಕು ಅನ್ನೋ ಯುದ್ಧಕ್ಕೆ ಬದಲು ಬನ್ಸನ್ನ ಚಟ್ನಿಯಲ್ಲಿ ಅದ್ದುವವರಿಗೂ ಚಾಯಲ್ಲಿ ಅದ್ದುವವರಿಗೂ ಯುದ್ಧ ಹಾಕಿದ್ವಿ, ಅದು ಶೂಟಿಂಗ್ ಮುಗಿದ ಮೇಲೂ ನಡೀತಾ ಇತ್ತು, ನಾನು ಚಟ್ನಿ ಪಾರ್ಟಿ.

ಇನ್ನು ಪುಸ್ತಕದಲ್ಲಿ ಗಲಿವರ್ ಆಮೇಲೆ ಹೋಗೋ ದೈತ್ಯರ ದೇಶದ ಭಾಗ ಮಾಡ್ಬೇಕು, ಲೆಕ್ಕ ಅದೇ 12 ಪಟ್ಟು, ಭಾವನನ್ನ ದೂರ ಓಡಿಸಿ ಮಕ್ಕಳನ್ನ ಹತ್ರ ಕೂರಿಸಿದ್ರೆ ಆಯ್ತು. ಮಕ್ಕಳು ರೆಡಿ, ಭಾವ ಮಾತ್ರ ಮಲಗೋ ಪಾತ್ರ ಇದ್ರೆ ಹೇಳು ಅಂತಿದ್ದಾರೆ.