ಲಾಡ್ಜಿನಲ್ಲಿ ಇದ್ದೀರಾ? ಒಂದು ಹೊತ್ತು ಖಾನಾವಳಿ, ಉಳಿದದ್ದು ಬುತ್ತಿ

ಹುಬ್ಬಳ್ಳಿ-ಧಾರವಾಡದ ಲಾಡ್ಜುಗಳಲ್ಲಿ ಒಂದೆರಡು ರಾತ್ರಿ ಮಲಗಿ ಹೋಗುವವರಷ್ಟೇ ಇರುವುದಿಲ್ಲ. ಕಿಮ್ಸ್ ಸರ್ಕಾರಿ ಆಸ್ಪತ್ರೆಯಲ್ಲಿ ರೋಗಿಯನ್ನು ಸೇರಿಸಿ ವಾರಗಟ್ಟಲೆ ಕಾಯುವ ಮನೆಯವರು ಇರುತ್ತಾರೆ. ಧಾರವಾಡದ ಹೈಕೋರ್ಟ್ ಪೀಠಕ್ಕೆ ಕೇಸಿಗಾಗಿ ಬಂದವರು, ವರ್ಗವಾಗಿ ಬಂದು ಬಾಡಿಗೆ ಮನೆ ಹುಡುಕುವ ನೌಕರರೂ ಇರುತ್ತಾರೆ. ರೂಮಿನ ಬಾಡಿಗೆ ಮೊದಲೇ ಗೊತ್ತು. ಲೆಕ್ಕ ತಪ್ಪುವುದು ಊಟದಲ್ಲಿ. ಬೆಳಗ್ಗೆ ಇಡ್ಲಿ-ವಡೆ, ಮಧ್ಯಾಹ್ನ ಊಟ, ಸಂಜೆ ಮಿರ್ಚಿ-ಗಿರಮಿಟ್, ರಾತ್ರಿ ಮತ್ತೆ ಹೋಟೆಲ್, ನಡುವೆ ನಾಲ್ಕು ಚಹಾ. ವಾರದಲ್ಲಿ ಜೇಬು ಹಗುರ, ಹೊಟ್ಟೆ ಭಾರ.

ಈ ಸೀಮೆಯಲ್ಲಿ ಇದಕ್ಕೆ ದಾರಿ ಇದೆ. ಹೊಲಕ್ಕೆ, ಜಾತ್ರೆಗೆ, ದೂರದ ಊರಿಗೆ ಬುತ್ತಿ ಕಟ್ಟುವ ಜನ ಇಲ್ಲಿಯವರು. ಒಣಗಿಸಿದ ಗರಿಗರಿ ಕಟಕ್ ರೊಟ್ಟಿ, ಶೇಂಗಾ ಚಟ್ನಿ, ಹಚ್ಚಿದ ಅವಲಕ್ಕಿ, ಇವಕ್ಕೆಲ್ಲ ತಿನ್ನುವಾಗ ಒಲೆ ಬೇಡ, ಫ್ರಿಜ್ಜೂ ಬೇಡ. ಹಾಗಾಗಿ ಮಧ್ಯಾಹ್ನ ಒಂದು ಹೊತ್ತು ಬಿಸಿ ಊಟಕ್ಕೆ ದುಡ್ಡು ಕೊಡಿ. ಉಳಿದೆರಡು ಹೊತ್ತು ರೂಮಿನಲ್ಲೇ ಬುತ್ತಿ ಬಿಚ್ಚಿ.

ಮೊದಲು ಕೌಂಟರಿನಲ್ಲಿ ಕೇಳಿ

ರೂಮ್ ಹಿಡಿಯುವಾಗಲೇ ಮ್ಯಾನೇಜರಿಗೆ ಎರಡು ಮಾತು ಕೇಳಿಬಿಡಿ: ರೂಮಿನಲ್ಲಿ ತಿನ್ನಬಹುದಾ? ನೀರು ಕಾಯಿಸುವ ಕೆಟಲ್ ಇಟ್ಟುಕೊಳ್ಳಬಹುದಾ? ಕದ್ದುಮುಚ್ಚಿ ಇಡುವುದಕ್ಕಿಂತ ಕೇಳಿ ಇಡುವುದು ಒಳ್ಳೆಯದು. ಇಂಡಕ್ಷನ್ ಒಲೆ, ಕರೆಂಟಿನಲ್ಲಿ ಕಾಯುವ ಕಾಯಿಲ್ ಇವೆರಡರ ಆಸೆ ಬಿಡಿ.

ಕೆಟಲ್ ಕೊಳ್ಳುವಾಗ ವ್ಯಾಟ್ ನೋಡಿ. ಅಂಗಡಿಯಲ್ಲಿ ಜಾಸ್ತಿ ಸಿಗುವುದು 1500 ವ್ಯಾಟಿನದು. ಅದು ಸುಮಾರು ಆರೂವರೆ ಆಂಪಿಯರ್ ಎಳೆಯುತ್ತದೆ. ರೂಮಿನ ಗೋಡೆಯಲ್ಲಿರುವ ಸಣ್ಣ ಸಾಕೆಟ್ ತಡೆಯುವುದು 6 ಆಂಪಿಯರ್ ಮಾತ್ರ. ಪ್ಲಗ್ ಬಿಸಿಯಾಗುತ್ತದೆ, ಹಳೇ ವೈರಿಂಗ್ ಆದರೆ ಕೇಳುವುದೇ ಬೇಡ. 600ರಿಂದ 800 ವ್ಯಾಟಿನ ಅರ್ಧ ಲೀಟರ್ ಕೆಟಲ್ ಒಬ್ಬರಿಗೆ ಸಾಕು. 800 ವ್ಯಾಟಿನದರಲ್ಲಿ ಅರ್ಧ ಲೀಟರ್ ನೀರು ನಾಲ್ಕು ನಿಮಿಷದ ಆಸುಪಾಸಿನಲ್ಲಿ ಕುದಿಯುತ್ತದೆ. ಅದರಲ್ಲಿ ನೀರು ಬಿಟ್ಟು ಬೇರೆ ಏನನ್ನೂ ಕಾಯಿಸಬೇಡಿ. ಹಾಲು ಹಾಕಿದರೆ ಉಕ್ಕಿ ತಳ ಹಿಡಿಯುತ್ತದೆ.

ಕೆಟಲ್‌ಗೆ ಮ್ಯಾನೇಜರ್ ಬೇಡ ಅಂದರೆ ಬೇಜಾರಾಗಬೇಡಿ. ಒಂದು ಅಗಲ ಬಾಯಿಯ ಸ್ಟೀಲ್ ಫ್ಲಾಸ್ಕ್ ಇದ್ದರೆ ಕೆಳಗಿನ ಚಹಾ ಅಂಗಡಿಯಲ್ಲಿ ಕುದಿಯುವ ನೀರು ತುಂಬಿಸಿಕೊಂಡು ಬರಬಹುದು. ಅಲ್ಲೇ ಒಂದು ಚಹಾ ಕುಡಿದರೆ ಯಾರೂ ಇಲ್ಲ ಅನ್ನುವುದಿಲ್ಲ.

ಬುತ್ತಿಯ ಸಾಮಾನು

ಹುಬ್ಬಳ್ಳಿಯಲ್ಲಿ ಇದ್ದರೆ ದುರ್ಗದಬೈಲ್, ಜನತಾ ಬಜಾರ್. ಧಾರವಾಡದಲ್ಲಿ ಇದ್ದರೆ ಸೂಪರ್ ಮಾರ್ಕೆಟ್. ಒಂದು ಸಂಜೆ ಹೋಗಿ ಇಷ್ಟು ತನ್ನಿ: ಕಟಕ್ ಜೋಳದ ರೊಟ್ಟಿಯ ಒಂದು ಕಟ್ಟು, ಶೇಂಗಾ ಚಟ್ನಿ, ಗುರೆಳ್ಳು (ಹುಚ್ಚೆಳ್ಳು) ಅಥವಾ ಅಗಸಿ ಚಟ್ನಿ, ತೆಳು ಅವಲಕ್ಕಿ, ಚುರುಮುರಿ (ಮಂಡಕ್ಕಿ), ಪುಟಾಣಿ (ಹುರಿಗಡಲೆ), ಬೆಲ್ಲ, ಸಣ್ಣ ಬಾಟಲಿ ಶೇಂಗಾ ಎಣ್ಣೆ, ಉಪ್ಪು. ಇವೆಲ್ಲ ಹಾಗೇ ಇಟ್ಟರೂ ಕೆಡುವುದಿಲ್ಲ. ಪಾತ್ರೆ ಅಂದರೆ ಒಂದು ತಾಟು, ಒಂದು ಬೋಗುಣಿ, ಚಮಚ, ಸಣ್ಣ ಚಾಕು, ಬಿಗಿ ಮುಚ್ಚಳದ ಎರಡು ಡಬ್ಬಿ.

ರೊಟ್ಟಿಯನ್ನು ದೊಡ್ಡ ಅಂಗಡಿಯಲ್ಲೇ ಕೊಳ್ಳಬೇಕು ಅಂತೇನಿಲ್ಲ. ‘ಇಲ್ಲಿ ರೊಟ್ಟಿ, ಚಪಾತಿ, ಹೋಳಿಗೆ ಸಿಗುತ್ತವೆ’ ಅನ್ನುವ ಬೋರ್ಡ್ ಓಣಿಗಳಲ್ಲಿ ಕಾಣುತ್ತದೆ. ಮನೆಯಲ್ಲೇ ಹೆಣ್ಣುಮಕ್ಕಳು ಬಡಿದು ಮಾರುವ ರೊಟ್ಟಿ ಅದು. ಎಣಿಕೆಯ ಮೇಲೆ ಬೇಕಾದಷ್ಟೇ ಕೊಡುತ್ತಾರೆ. ಕಟಕ್ ರೊಟ್ಟಿಯಲ್ಲಿ ನೀರಿನ ಅಂಶ ತೀರಾ ಕಡಿಮೆ ಇರುವುದರಿಂದ ವಾರಗಟ್ಟಲೆ ಇರುತ್ತದೆ. ಮಳೆಗಾಲದಲ್ಲಿ ಮಾತ್ರ ಗಾಳಿಗೆ ಬಿಟ್ಟರೆ ಮೆತ್ತಗಾಗಿ ಬೂಸ್ಟು ಹಿಡಿಯುತ್ತದೆ, ಕವರಿನ ಬಾಯಿ ಕಟ್ಟಿಡಿ. ಹಲ್ಲಿಗೆ ಗಟ್ಟಿ ಅನಿಸುವವರು ತುಸು ನೀರು ಚಿಮುಕಿಸಿ ಒದ್ದೆ ಬಟ್ಟೆಯಲ್ಲಿ ಹತ್ತು ನಿಮಿಷ ಸುತ್ತಿಡಿ, ಬಗ್ಗುತ್ತದೆ.

ಮೊಸರು, ಸವತಿಕಾಯಿ, ಉಳ್ಳಾಗಡ್ಡಿ, ಗಜ್ಜರಿ (ಕ್ಯಾರೆಟ್), ಮೆಂತ್ಯ ಸೊಪ್ಪು ಇವನ್ನು ಮಾತ್ರ ದಿನಾ ತನ್ನಿ. ಇಲ್ಲಿನವರು ರೊಟ್ಟಿ ಜೊತೆ ಹಸಿ ಮೆಂತ್ಯ, ಮೂಲಂಗಿ, ಹಕ್ಕರಕಿ ಸೊಪ್ಪು ಕಡಿದು ತಿನ್ನುವುದು ಸುಮ್ನೆ ಅಲ್ಲ. ಪಲ್ಯ ಇಲ್ಲದ ಹೊತ್ತಿಗೆ ಅದೇ ಪಲ್ಯ. ಚೆನ್ನಾಗಿ ತೊಳೆಯಿರಿ, ಅಷ್ಟೇ. ಮೊಸರು ಸಣ್ಣ ಪ್ಯಾಕೆಟ್ಟೇ ಕೊಳ್ಳಿ. ದೊಡ್ಡದು ಅಗ್ಗ ಅನಿಸುತ್ತದೆ. ಆದರೆ ಏಪ್ರಿಲ್ ಬಿಸಿಲಿನಲ್ಲಿ ಮರುದಿನಕ್ಕೆ ಹುಳಿ ಬಂದು ಚೆಲ್ಲಿದರೆ ಎಲ್ಲಿಯ ಅಗ್ಗ?

ಬೆಳಗ್ಗೆ ಹಚ್ಚಿದ ಅವಲಕ್ಕಿ

ಎರಡು ಹಿಡಿ ತೆಳು ಅವಲಕ್ಕಿ ತಗೊಳ್ಳಿ. ಎರಡು ಚಮಚ ಎಣ್ಣೆ, ಶೇಂಗಾ ಚಟ್ನಿ, ಉಪ್ಪು, ಚಿಟಿಕೆ ಬೆಲ್ಲ ಹಾಕಿ ಬೆರಳಲ್ಲಿ ಹಗುರಾಗಿ ಹಚ್ಚಿ. ಹೆಚ್ಚಿದ ಉಳ್ಳಾಗಡ್ಡಿ, ಸವತಿಕಾಯಿ ಕೊನೆಗೆ. ಅವುಗಳ ನೀರಿಗೇ ಅವಲಕ್ಕಿ ಮೆತ್ತಗಾಗುತ್ತದೆ. ಮೇಲೆ ನಿಂಬೆಹಣ್ಣು, ಒಂದು ಹಿಡಿ ಪುಟಾಣಿ. ದಪ್ಪ ಅವಲಕ್ಕಿ ಇದಕ್ಕೆ ಆಗುವುದಿಲ್ಲ. ಅದನ್ನು ತೊಳೆದು ಹತ್ತು ನಿಮಿಷ ಬಿಟ್ಟು ಮೊಸರಿನಲ್ಲಿ ಕಲಸಬೇಕು. ಬೇಜಾರಾದ ದಿನ ಅವಲಕ್ಕಿ ಬದಲು ಚುರುಮುರಿ.

ಬಿಸಿ ಬೇಕೇ ಬೇಕು ಅನ್ನುವವರಿಗೆ ಫ್ಲಾಸ್ಕ್ ಇದೆ. ಒಮ್ಮೆ ಬಿಸಿನೀರು ಹಾಕಿ ಐದು ನಿಮಿಷ ಬಿಟ್ಟು ಚೆಲ್ಲಿ, ಒಳಗೆ ಕಾಯಲಿ. ಆಮೇಲೆ ಹುರಿದ ಶಾವಿಗೆ, ಉಪ್ಪು ಹಾಕಿ ಕುದಿಯುವ ನೀರು ಸುರಿದು ಮುಚ್ಚಿ. ಹತ್ತು ನಿಮಿಷಕ್ಕೆ ಬೇಯುತ್ತದೆ. ನೀರು ಬಸಿದು ಎಣ್ಣೆ, ಚಟ್ನಿಪುಡಿ ಕಲಸಿದರೆ ಆಯಿತು.

ಕಾಳು ಬೇಕಲ್ವಾ? ಹೆಸರುಕಾಳು ರಾತ್ರಿ ನೆನೆಹಾಕಿ. ಬೆಳಗ್ಗೆ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಮರುದಿನ ಮೊಳಕೆ ಬಂದಿರುತ್ತದೆ. ಕುದಿಯುವ ನೀರಿನ ಫ್ಲಾಸ್ಕಿನಲ್ಲಿ ಹದಿನೈದು ನಿಮಿಷ ಇಟ್ಟೇ ತಿನ್ನಿ. ಹಸಿ ಮೊಳಕೆ ಕೆಲವರ ಹೊಟ್ಟೆಗೆ ಆಗಿಬರುವುದಿಲ್ಲ, ಪರ ಊರಲ್ಲಿ ಅದರ ಗೊಡವೆ ಬೇಡ.

ಮಧ್ಯಾಹ್ನ ಖಾನಾವಳಿ

ಇಲ್ಲಿ ಜಿಪುಣತನ ಬೇಡ. ಬಿಸಿ ರೊಟ್ಟಿ ಅಥವಾ ಚಪಾತಿ, ಒಂದು ಕಾಯಿಪಲ್ಯ, ಒಂದು ಕಾಳುಪಲ್ಯ, ಅನ್ನ-ಸಾರು, ಮೊಸರು ಅಥವಾ ಮಜ್ಜಿಗೆ. ದಿನದ ಗಟ್ಟಿ ಊಟ ಇದೇ ಆಗಲಿ. ತಡಮಾಡಿ ಹೋದರೆ ಪಲ್ಯ ತಳ ಕಂಡಿರುತ್ತದೆ, ಒಂದು ಗಂಟೆಯ ಹೊತ್ತಿಗೆ ಹೋಗಿ. ಬಸ್ ಸ್ಟ್ಯಾಂಡ್ ಎದುರಿನ ಖಾನಾವಳಿಗಿಂತ ಎರಡು ಓಣಿ ಒಳಗಿನದು ಸಾಮಾನ್ಯವಾಗಿ ವಾಸಿ. ಅಲ್ಲಿ ಬರುವವರು ದಿನದ ಗಿರಾಕಿಗಳು, ಅಡುಗೆ ಕೆಟ್ಟರೆ ಮುಖಕ್ಕೆ ಹೇಳುತ್ತಾರೆ.

ಸಾವಜಿ ಖಾನಾವಳಿಯ ಮಾಂಸದ ಊಟ ರುಚಿ ಹೌದು. ಖಾರ ರೂಢಿ ಇಲ್ಲದವರು ವಾರಕ್ಕೊಮ್ಮೆ ಇಟ್ಟುಕೊಳ್ಳಿ.

ಇನ್ನೂ ಕಡಿಮೆ ಬೇಕಾದರೆ ಅವಳಿ ನಗರದಲ್ಲಿ ಇಂದಿರಾ ಕ್ಯಾಂಟೀನ್‌ಗಳಿವೆ. 2017ರಲ್ಲಿ ಯೋಜನೆ ಶುರುವಾದಾಗ ತಿಂಡಿಗೆ 5, ಊಟಕ್ಕೆ 10 ರೂಪಾಯಿ ಇಟ್ಟಿದ್ದರು. ಹುಬ್ಬಳ್ಳಿಯ ಸಿದ್ಧಾರೂಢ ಮಠದಲ್ಲಿ ದಾಸೋಹ ನಡೆಯುತ್ತದೆ. ಪ್ರಸಾದಕ್ಕೆ ಸಂಕೋಚ ಬೇಡ, ಎಲೆಯಲ್ಲಿ ಬಿಡಬೇಡಿ.

ರಾತ್ರಿ ಅರ್ಧ ಕೊಂಡಿದ್ದು, ಅರ್ಧ ಬುತ್ತಿ

ರಾತ್ರಿ ಪೂರ್ತಿ ಊಟ ಕಟ್ಟಿಸುವ ಬದಲು ಪಲ್ಯ ಮಾತ್ರ ಪಾರ್ಸೆಲ್ ಕೇಳಿ. ಎಣ್ಣೆಗಾಯಿ, ಕಡಲೆಹಿಟ್ಟಿನ ಝುಣಕ ಅಥವಾ ಕಾಳುಪಲ್ಯ. ರೊಟ್ಟಿ, ಚಟ್ನಿ, ಮೊಸರು ರೂಮಿನಲ್ಲೇ ಇವೆಯಲ್ಲ. ತಂದ ಪಲ್ಯವನ್ನು ಎರಡು ತಾಸಿನೊಳಗೆ ತಿಂದು ಮುಗಿಸಿ. ಫ್ರಿಜ್ ಇಲ್ಲದ ರೂಮಿನಲ್ಲಿ ಬೆಳಗಿನವರೆಗೆ ಇಟ್ಟ ಪಲ್ಯ, ಅನ್ನ ತಿನ್ನಲು ಹೋಗಬೇಡಿ. ಕೆಟ್ಟಿದ್ದು ವಾಸನೆಯಿಂದಲೇ ತಿಳಿಯುತ್ತದೆ ಅಂತಿಲ್ಲ.

ತೊಳೆದ ನೀರಿನ ಜೊತೆ ಕಾಳು, ಅನ್ನ ಬೇಸಿನ್‌ಗೆ ಬಿಟ್ಟರೆ ಪೈಪ್ ಕಟ್ಟಿಕೊಳ್ಳುತ್ತದೆ, ಮ್ಯಾನೇಜರ್ ಮುಖ ಬಾಡುತ್ತದೆ. ಮೊದಲು ಕಾಗದದಲ್ಲಿ ಒರೆಸಿ ಬುಟ್ಟಿಗೆ ಹಾಕಿ. ಬೆಲ್ಲದ ಡಬ್ಬಿಗೆ ಇರುವೆ ಬರುತ್ತವೆ, ನೀರು ಹಾಕಿದ ತಾಟಿನ ನಡುವೆ ಇಡಿ.

ಇರುವುದು ಹದಿನೈದು ದಿನಕ್ಕಿಂತ ಜಾಸ್ತಿ ಅಂತ ಗೊತ್ತಾದರೆ ಖಾನಾವಳಿಯಲ್ಲಿ ತಿಂಗಳ ಲೆಕ್ಕ ಕೇಳಿ. ಕೆಲವು ಕಡೆ ಕೂಪನ್ ಕೊಡುತ್ತಾರೆ, ಬಿಡಿ ಊಟಕ್ಕಿಂತ ಕಡಿಮೆ ಬೀಳುತ್ತದೆ. ದುಡ್ಡು ಕೊಡುವ ಮೊದಲು ಮೂರು ವಿಷಯ ಕೇಳಿಕೊಳ್ಳಿ: ಭಾನುವಾರ ತೆರೆದಿರುತ್ತದಾ, ಊಟಕ್ಕೆ ಬರದ ದಿನ ಲೆಕ್ಕಕ್ಕೆ ಹಿಡಿಯುತ್ತಾರಾ, ನಡುವೆ ಊರಿಗೆ ಹೋದರೆ ಉಳಿದ ಕೂಪನ್ ವಾಪಸ್ ತಗೊಳ್ಳುತ್ತಾರಾ.