ಹಳ್ಳಿಮನೆಯ ಕಮ್ಯುನಿಟಿ ಶುಲ್ಕ: ನಮ್ಮ ತಕರಾರು ಬಗೆಹರಿದದ್ದು ಹೀಗೆ

ಸ್ಪೇನಿನ ಮಾಲಗಾ ಕಡೆಯ ಗುಡ್ಡದಲ್ಲಿ, ಆಲಿವ್ ತೋಟಗಳ ನಡುವೆ ನಮ್ಮ ಪುಟ್ಟ ಮನೆ. ಹನ್ನೆರಡು ಮನೆಗಳಿಗೆ ಒಂದೇ ರಸ್ತೆ, ಒಂದೇ ಈಜುಕೊಳ. ಇವುಗಳ ಖರ್ಚಿಗೆ ಮಾಲೀಕರೆಲ್ಲ ಸೇರಿ ಕಟ್ಟುವುದೇ ಕಮ್ಯುನಿಟಿ ಶುಲ್ಕ. ಕಳೆದ ವರ್ಷ ಮಾಲೀಕರ ಸಭೆಯಲ್ಲಿ ರಸ್ತೆ ರಿಪೇರಿ ಖರ್ಚನ್ನು ಎಲ್ಲರಿಗೂ ಸಮವಾಗಿ ಹಂಚಿಬಿಟ್ಟರು. ನಮ್ಮ ಎರಡು ಕೋಣೆಯ ಮನೆಗೂ ಪಕ್ಕದ ದೊಡ್ಡ ಬಂಗಲೆಗೂ ಒಂದೇ ಬಿಲ್ಲು!

ಕಟ್ಟುವುದೇ ಬೇಡ ಅನಿಸಿತು. ಆದರೆ ಬಾಕಿ ಉಳಿಸಿಕೊಂಡರೆ ಸಭೆಯಲ್ಲಿ ವೋಟು ಹೋಗುತ್ತದೆ. ಮೊದಲು ಕಟ್ಟಿದೆ, ಆಮೇಲೆ ಜಗಳಕ್ಕೆ ನಿಂತೆ.

ಆಸ್ತಿ ನೋಂದಣಿ ಕಚೇರಿಯಿಂದ ‘ನೋಟಾ ಸಿಂಪ್ಲೆ’ ಎಂಬ ಮನೆಯ ದಾಖಲೆಪತ್ರ ತೆಗೆಸಿದೆ. ಮಾಲೀಕರು ಯಾರು, ಸಾಲ ಇದೆಯಾ ಅಂತೆಲ್ಲ ಅದರಲ್ಲಿರುತ್ತದೆ. ಬೆರಳಿಟ್ಟು ಓದುತ್ತಾ ಹೋದೆ. ನಡುವೆ ಒಂದು ಸಾಲು: ಒಟ್ಟು ಸಮೂಹ ಆಸ್ತಿಯಲ್ಲಿ ನಮ್ಮ ಪಾಲು ನೂರಕ್ಕೆ 4.2. ನಮ್ಮಿಂದ ವಸೂಲಿ ಮಾಡಿದ್ದು ನೂರಕ್ಕೆ 8.33, ಹತ್ತಿರತ್ತಿರ ಎರಡರಷ್ಟು! ಬೇರೆ ಒಪ್ಪಂದ ಇಲ್ಲದಿದ್ದರೆ ಖರ್ಚು ಹಂಚಬೇಕಾದದ್ದು ಈ ಪಾಲಿನಂತೆಯೇ. ಸ್ಪೇನಿನ 1960ರ ಸಮೂಹ ಆಸ್ತಿ ಕಾನೂನಿನ 9ನೇ ಕಲಮು ಹಾಗೆ ಹೇಳುತ್ತದೆ.

ಅದನ್ನೇ ಬರೆದು ನಮ್ಮ ಸಮೂಹದ ಆಡಳಿತ ನೋಡಿಕೊಳ್ಳುವವರಿಗೆ ಅಂಚೆಯ ಮೂಲಕ ‘ಬುರೋಫ್ಯಾಕ್ಸ್’ ಎಂಬ ಪುರಾವೆಸಹಿತ ಪತ್ರ ಕಳಿಸಿದೆ. ಕೇಳಿಕೊಂಡರೆ ಅಂಚೆಯವರು ಪತ್ರದಲ್ಲಿ ಏನಿತ್ತು ಅನ್ನುವುದಕ್ಕೂ ಪುರಾವೆ ಕೊಡುತ್ತಾರೆ. ಸುಮ್ನೆ ಇಮೇಲ್ ಮಾಡಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ತಡ ಮಾಡಬೇಡಿ, ಸಭೆಯ ನಿರ್ಣಯವನ್ನು ಕೋರ್ಟಿನಲ್ಲಿ ಪ್ರಶ್ನಿಸಲು ಸಾಮಾನ್ಯವಾಗಿ ಇರುವುದು 3 ತಿಂಗಳು, ಕಾನೂನಿಗೇ ವಿರುದ್ಧವಾಗಿದ್ದರೆ 1 ವರ್ಷ.

ನಮಗೆ ಕೋರ್ಟು ಬೇಕಾಗಲಿಲ್ಲ. ಮುಂದಿನ ಸಭೆಯಲ್ಲೇ ಲೆಕ್ಕ ಸರಿಮಾಡಿದರು. ನಾವು ಜಾಸ್ತಿ ಕಟ್ಟಿದ್ದನ್ನು ಮುಂದಿನ ಕಂತುಗಳಲ್ಲಿ ವಜಾ ಮಾಡಿಕೊಂಡರು.