ಡಸ್ಟ್ ಅಲರ್ಜಿ: ನನಗೆ ಗುಣ ಕಂಡದ್ದು ಯಾವುದರಿಂದ

ಬೆಳಿಗ್ಗೆ ಎದ್ದ ಕೂಡಲೇ ಸಾಲು ಸಾಲು ಸೀನು. ನೀರಿನಂತೆ ಸೋರುವ ಮೂಗು, ಬಾಯಿಯ ಅಂಗಳದಲ್ಲಿ ತುರಿಕೆ, ಕೆಂಪು ಕಣ್ಣು. ಹತ್ತು ಗಂಟೆ ಹೊತ್ತಿಗೆ ಅರ್ಧ ಕಡಿಮೆ. ರಾತ್ರಿ ಮಲಗಿದರೆ ಮತ್ತೆ ಮೂಗು ಕಟ್ಟುತ್ತದೆ. ಜ್ವರ ಇಲ್ಲ, ಮೈಕೈ ನೋವೂ ಇಲ್ಲ. ನೆಗಡಿ ಆದರೆ ವಾರ ಹತ್ತು ದಿನದಲ್ಲಿ ಹೋಗುತ್ತದೆ. ಇದು ತಿಂಗಳುಗಟ್ಟಲೆ ಇರುತ್ತದೆ, ತುರಿಕೆ ಬೇರೆ. ನಿಮಗೂ ಹೀಗೇ ಆಗುತ್ತಿದ್ದರೆ ನಾನು ಬರೆಯುವುದು ನಿಮಗೆ ಉಪಯೋಗಕ್ಕೆ ಬರಬಹುದು.

ನಾನು ಶಿವಮೊಗ್ಗದಲ್ಲಿ ಶಾಲಾ ಶಿಕ್ಷಕಿ. ತವರು ತೀರ್ಥಹಳ್ಳಿ ಕಡೆ. ನನ್ನ ಸೀನಿಗೆ ಎಲ್ಲರೂ ಹೇಳುತ್ತಿದ್ದ ಕಾರಣ ಒಂದೇ: ‘ಟೀಚರ್ ಅಲ್ವಾ, ಸೀಮೆಸುಣ್ಣದ ಧೂಳು.’ ಆದರೆ ಬೇಸಿಗೆ ರಜೆಯಲ್ಲೂ ಸೀನು ಬರುತ್ತಿತ್ತು. ಶಾಲೆಗೆ ಹೋದ ಮೇಲೆ ಕಡಿಮೆಯಾಗಿ, ಮನೆಗೆ ಬಂದು ಮಲಗಿದರೆ ಜಾಸ್ತಿಯಾಗುತ್ತಿತ್ತು. ಇಎನ್‌ಟಿ ಡಾಕ್ಟರ್ ಮೊದಲು ಕೇಳಿದ್ದೇ ಅದನ್ನು. ಯಾವ ಹೊತ್ತಿನಲ್ಲಿ ಜಾಸ್ತಿ, ಎಲ್ಲಿ ಜಾಸ್ತಿ, ಯಾವ ಕಾಲದಲ್ಲಿ ಜಾಸ್ತಿ? ಡಾಕ್ಟರ ಹತ್ತಿರ ಹೋಗುವ ಮುಂಚೆ ಇಷ್ಟನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ಅರ್ಧ ಉತ್ತರ ಅದರಲ್ಲೇ ಸಿಗುತ್ತದೆ. ಸೀಮೆಸುಣ್ಣದ ಪುಡಿ ಕೆರಳಿದ ಮೂಗನ್ನು ಇನ್ನಷ್ಟು ಕೆರಳಿಸಬಹುದು. ಬಚ್ಚಲೊಲೆಯ ಹೊಗೆ, ಸೊಳ್ಳೆಬತ್ತಿ, ಅಗರಬತ್ತಿ ಕೂಡ ಅಷ್ಟೇ. ಆದರೆ ನನ್ನ ಅಲರ್ಜಿಯ ಬೇರು ಬೇರೆ ಕಡೆ ಇತ್ತು.

ಅದು ಗೊತ್ತಾದದ್ದು ಸ್ಕಿನ್ ಪ್ರಿಕ್ ಟೆಸ್ಟ್‌ನಲ್ಲಿ. ಅಲರ್ಜಿ ಮಾತ್ರೆಗಳನ್ನು ಒಂದು ವಾರ ಮುಂಚೆಯೇ ನಿಲ್ಲಿಸಿ ಬರಲು ಹೇಳಿದ್ದರು. ಮಾತ್ರೆ ಮೈಯಲ್ಲಿದ್ದರೆ ಚರ್ಮ ಸರಿಯಾದ ಉತ್ತರ ಕೊಡುವುದಿಲ್ಲ. ಮುಂಗೈ ಒಳಭಾಗದಲ್ಲಿ ಪೆನ್ನಿನಿಂದ ನಂಬರ್ ಬರೆದು, ಪ್ರತಿ ನಂಬರ್ ಪಕ್ಕ ಅಲರ್ಜಿ ತರಬಹುದಾದ ಒಂದೊಂದು ವಸ್ತುವಿನ ಹನಿ ಇಟ್ಟು, ಹನಿಯ ಮೇಲೆ ಮೊನೆ ತಾಗಿಸುತ್ತಾರೆ. ರಕ್ತ ಬರುವುದಿಲ್ಲ. ಒಂದು ಹನಿ ಬರೀ ಉಪ್ಪುನೀರು, ಅದು ಊದಬಾರದು. ಇನ್ನೊಂದು ಹಿಸ್ಟಮಿನ್, ಅಂದರೆ ಅಲರ್ಜಿಯಾದಾಗ ನಮ್ಮ ಮೈಯೇ ಬಿಡುವ, ಊತ ತುರಿಕೆ ತರುವ ವಸ್ತು; ಅದು ಊದಲೇಬೇಕು. ಉಳಿದವನ್ನು ಇವೆರಡರ ಜೊತೆ ಹೋಲಿಸುತ್ತಾರೆ. ಹದಿನೈದು ಇಪ್ಪತ್ತು ನಿಮಿಷ ಕೈ ಅಲ್ಲಾಡಿಸದೆ, ಕೆರೆದುಕೊಳ್ಳದೆ ಕೂರಬೇಕು. ಕಷ್ಟ ಇದ್ದದ್ದು ಅದೇ. ಉಪ್ಪುನೀರಿಗಿಂತ 3 ಮಿಲಿಮೀಟರ್ ಅಥವಾ ಜಾಸ್ತಿ ಊದಿದರೆ ಅಲರ್ಜಿ ಇದೆ ಎಂದು ಲೆಕ್ಕ. ನನ್ನ ಕೈಯಲ್ಲಿ ಧೂಳಿನ ನುಸಿಯ ಹನಿ ಸೊಳ್ಳೆ ಕಚ್ಚಿದ ಹಾಗೆ ದಪ್ಪಗೆ ಎದ್ದಿತು. ಕಾಂಗ್ರೆಸ್ ಗಿಡದ ಪರಾಗ ಸ್ವಲ್ಪ. ಉಳಿದವು ಸುಮ್ಮನಿದ್ದವು.

ಮೊಸರಿನ ವಿಷಯ ಇಲ್ಲಿ ಹೇಳಲೇಬೇಕು. ನಮ್ಮಲ್ಲಿ ಮೂಗು ಸೋರಿದರೆ ಮೊದಲು ಬಿಡಿಸುವುದೇ ಮೊಸರು, ಆಮೇಲೆ ಬಾಳೆಹಣ್ಣು. ‘ಶೀತ ಕಣೇ, ಬೇಡ’ ಅಂತ ಅತ್ತೆ ಪ್ರೀತಿಯಿಂದಲೇ ಹೇಳುತ್ತಿದ್ದರು. ಊಟದ್ದೂ ಟೆಸ್ಟ್ ಮಾಡಿ ಎಂದು ಕೇಳಿದೆ. ಡಾಕ್ಟರ್ ಒಪ್ಪಲಿಲ್ಲ. ‘ತಿಂದ ತಕ್ಷಣ ಗಂದೆ ಏಳುತ್ತಾ? ತುಟಿ ಊದುತ್ತಾ? ವಾಂತಿ ಆಗುತ್ತಾ? ಏನೂ ಇಲ್ಲ ಅಂದ್ರೆ ಊಟಕ್ಕೆ ಟೆಸ್ಟ್ ಯಾಕಮ್ಮ? ಮೊಸರನ್ನ ತಿನ್ನಿ’ ಎಂದರು. ಆ ಮಾತಿಗೆ ನಾನು ಇವತ್ತಿಗೂ ಋಣಿ. ತಿಂದಾಗ ಏನೂ ತೊಂದರೆಯಾಗದ ಪದಾರ್ಥವನ್ನು ಟೆಸ್ಟ್‌ನಲ್ಲಿ ಊದಿತು ಎನ್ನುವ ಒಂದೇ ಕಾರಣಕ್ಕೆ ಬಿಟ್ಟು ಸೊರಗುವವರನ್ನು, ಅದರಲ್ಲೂ ಮಕ್ಕಳನ್ನು, ನಾನು ನೋಡಿದ್ದೇನೆ.

ಇನ್ನು ನುಸಿ. ಕಣ್ಣಿಗೆ ಕಾಣುವುದಿಲ್ಲ, ಕಚ್ಚುವುದೂ ಇಲ್ಲ. ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟು ಅದರ ಆಹಾರ. ಅದರ ಹಿಕ್ಕೆಯಲ್ಲಿರುವ ಪ್ರೋಟೀನ್ ನಮ್ಮ ಮೂಗಿಗೆ ಆಗಿಬರುವುದಿಲ್ಲ. ಅದು ನೀರು ಕುಡಿಯುವುದಿಲ್ಲ, ಗಾಳಿಯ ತೇವವನ್ನೇ ಹೀರಿಕೊಂಡು ಬದುಕುತ್ತದೆ. ಮಲೆನಾಡಿನ ಮಳೆಗಾಲ, ಹತ್ತಿ ಹಾಸಿಗೆ, ವರ್ಷಗಟ್ಟಲೆ ಬಳಸಿದ ದಿಂಬು ಎಲ್ಲ ಸೇರಿದರೆ ಅದಕ್ಕೆ ಇನ್ನೇನು ಬೇಕು?

ಹಾಗಾಗಿ ಶುರು ಮಾಡಿದ್ದು ಮಲಗುವ ಕೋಣೆಯಿಂದ. ಹಳೇ ದಿಂಬುಗಳನ್ನು ತೆಗೆದು ಹಾಕಿದೆ. ಹೊಸ ದಿಂಬಿಗೆ ಮತ್ತು ಹಾಸಿಗೆಗೆ ಸುತ್ತ ಜಿಪ್ ಇರುವ, ನೇಯ್ಗೆ ಬಿಗಿಯಾದ ಕವರ್ ಹಾಕಿದೆ. ಬೆಡ್‌ಶೀಟ್, ದಿಂಬಿನ ಹೊದಿಕೆ ವಾರಕ್ಕೊಮ್ಮೆ ಬಿಸಿನೀರಿಗೆ. ನುಸಿ ಸಾಯಬೇಕಾದರೆ ನೀರು 55 ಡಿಗ್ರಿ ಸೆಲ್ಸಿಯಸ್‌ಗಿಂತ ಜಾಸ್ತಿ ಇರಬೇಕು, ಅಂದರೆ ಕೈ ಇಡಲು ಆಗದಷ್ಟು ಬಿಸಿ. ತವರಿಗೆ ಹೋದಾಗ ಬಚ್ಚಲಿನ ಹಂಡೆಯ ನೀರು ಈ ಕೆಲಸಕ್ಕೆ ಹೇಳಿಮಾಡಿಸಿದ್ದು. ಒಗೆದದ್ದನ್ನು ಮಳೆಗಾಲದಲ್ಲಿ ಮಲಗುವ ಕೋಣೆಯೊಳಗೆ ಹಗ್ಗ ಕಟ್ಟಿ ಒಣಹಾಕಬೇಡಿ, ತೇವ ಎಲ್ಲ ಅಲ್ಲೇ ಉಳಿಯುತ್ತದೆ. ಕಸ ಗುಡಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸುತ್ತೇನೆ. ಅಟ್ಟದಿಂದ ಕಂಬಳಿ ಇಳಿಸುವಾಗ, ದೀಪಾವಳಿಗೆ ಮನೆ ಧೂಳು ಹೊಡೆಯುವಾಗ ಎನ್95 ಮಾಸ್ಕ್. ಕವರ್ ಒಂದನ್ನೇ ಹಾಕಿ ಸುಮ್ನೆ ಕೂತರೆ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಎಲ್ಲವನ್ನೂ ಒಟ್ಟಿಗೆ ಮಾಡಬೇಕು.

ಆದರೂ ನನಗೆ ಅತಿ ಹೆಚ್ಚು ಗುಣ ಕಂಡದ್ದು ಮೂಗಿನ ಸ್ಪ್ರೇಯಿಂದ. ಫ್ಲುಟಿಕಾಸೋನ್ ಎನ್ನುವ ಸ್ಟೀರಾಯ್ಡ್ ಔಷಧಿ. ಸ್ಟೀರಾಯ್ಡ್ ಎಂದ ಕೂಡಲೇ ಜನ ಹೆದರುತ್ತಾರೆ, ನಾನೂ ಡಾಕ್ಟರನ್ನು ಬಿಡದೆ ಕೇಳಿದೆ. ನನ್ನ ಸ್ಪ್ರೇಯಲ್ಲಿ ಒಂದು ಸಲ ಒತ್ತಿದರೆ ಬರುವುದು 50 ಮೈಕ್ರೋಗ್ರಾಂ. ಅದು ಮೂಗಿನೊಳಗೇ ಕೆಲಸ ಮಾಡುತ್ತದೆ, ಮೈಗೆ ಸೇರುವುದು ತೀರಾ ಕಡಿಮೆ. ಇದು ಸೀನು ಬಂದಾಗ ಮಾತ್ರ ಹೊಡೆದುಕೊಳ್ಳುವ ಔಷಧಿ ಅಲ್ಲ. ದಿನಾ ತಗೊಳ್ಳಬೇಕು, ಪೂರ್ತಿ ಗುಣ ಕಾಣಲು ಒಂದೆರಡು ವಾರ ಬೇಕು. ಎರಡೇ ದಿನ ನೋಡಿ ‘ಏನೂ ಆಗಲಿಲ್ಲ’ ಎಂದು ಮೂಲೆಗೆ ಎಸೆಯುವವರೇ ಜಾಸ್ತಿ.

ಹೊಡೆಯುವ ಕ್ರಮ ನರ್ಸ್ ಕನ್ನಡಿ ಮುಂದೆ ನಿಲ್ಲಿಸಿ ಕಲಿಸಿದರು. ಬಾಟಲಿ ಅಲ್ಲಾಡಿಸಿ. ತಲೆ ಹಿಂದಕ್ಕೆ ಎತ್ತಬೇಡಿ, ಸ್ವಲ್ಪ ಮುಂದಕ್ಕೆ ಬಾಗಿಸಿ. ಎಡ ಹೊಳ್ಳೆಗೆ ಬಲಗೈ, ಬಲ ಹೊಳ್ಳೆಗೆ ಎಡಗೈ. ಹೀಗೆ ಹಿಡಿದರೆ ತುದಿ ತಾನಾಗಿ ಹೊರಗೋಡೆ ಕಡೆಗೆ, ಆ ಪಕ್ಕದ ಕಿವಿಯ ದಿಕ್ಕಿಗೆ ತಿರುಗುತ್ತದೆ. ನಡುಗೋಡೆಗೆ ಹೊಡೆದರೆ ಮೂಗಿನಲ್ಲಿ ರಕ್ತ ಬರಬಹುದು. ಒತ್ತುವಾಗ ಮೆಲ್ಲಗೆ ಉಸಿರೆಳೆದುಕೊಳ್ಳಿ. ಜೋರಾಗಿ ಸೆಳೆದರೆ ಔಷಧಿ ಗಂಟಲಿಗೆ ಇಳಿದು ಕಹಿ ಆಗುತ್ತದೆ, ಮೂಗಿಗೆ ಏನೂ ಉಳಿಯುವುದಿಲ್ಲ.

ಮೆಡಿಕಲ್ ಶಾಪ್‌ನಲ್ಲಿ ಮೂಗು ಕಟ್ಟಿದೆ ಎಂದರೆ ತಕ್ಷಣ ಕೊಡುವ ಡ್ರಾಪ್ಸ್ ಬೇರೆಯೇ. ಕ್ಸೈಲೋಮೆಟಾಜೋಲಿನ್, ಆಕ್ಸಿಮೆಟಾಜೋಲಿನ್ ಎಂದು ಬರೆದಿರುತ್ತದೆ. ಐದು ನಿಮಿಷದಲ್ಲಿ ಮೂಗು ಬಿಡುತ್ತದೆ ನಿಜ. ಆದರೆ ಕೆಲವೇ ದಿನಕ್ಕಿಂತ ಜಾಸ್ತಿ ಹಾಕಿದರೆ ಔಷಧಿ ಇಳಿದಂತೆ ಮೂಗು ಮೊದಲಿಗಿಂತ ಗಟ್ಟಿಯಾಗಿ ಕಟ್ಟುತ್ತದೆ. ನಮ್ಮ ಸಹೋದ್ಯೋಗಿಯೊಬ್ಬರು ಅದಿಲ್ಲದೆ ನಿದ್ದೆಯೇ ಬಾರದ ಸ್ಥಿತಿಗೆ ಬಂದಿದ್ದರು.

ಮಾತ್ರೆಗಳಲ್ಲಿ ಲಿವೋಸಿಟಿರಿಜಿನ್ ರಾತ್ರಿ ತಗೊಂಡರೂ ನನಗೆ ಮೊದಲ ಪೀರಿಯಡ್‌ವರೆಗೆ ಮಂಪರು. ಫೆಕ್ಸೋಫೆನಾಡಿನ್‌ಗೆ ಬದಲಾಯಿಸಿದ ಮೇಲೆ ಆ ತೊಂದರೆ ಇಲ್ಲ. ಅದನ್ನು ಹಣ್ಣಿನ ಜ್ಯೂಸ್ ಜೊತೆ ನುಂಗಬಾರದು, ನೀರಿನಲ್ಲೇ ತಗೊಳ್ಳಬೇಕು. ಮಾಂಟೆಲುಕಾಸ್ಟ್ ಸೇರಿದ ಮಾತ್ರೆ ನಮ್ಮಲ್ಲಿ ತುಂಬಾ ಬಳಕೆಯಲ್ಲಿದೆ. ಕೆಲವರಿಗೆ ಅದರಿಂದ ಕೆಟ್ಟ ಕನಸು, ಸಿಡುಕು, ಖಿನ್ನತೆ ಬರಬಹುದು ಎಂದು 2020ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಗಟ್ಟಿಯಾಗಿಯೇ ಎಚ್ಚರಿಸಿದೆ. ಮನೆಯಲ್ಲಿ ಮಗು ಅದನ್ನು ತಗೊಳ್ಳುತ್ತಿದ್ದು, ಸ್ವಭಾವ ಬದಲಾದ ಹಾಗೆ ಕಂಡರೆ ಡಾಕ್ಟರಿಗೆ ತಿಳಿಸಿ.

ಮನೆಮದ್ದು? ಕಾಳುಮೆಣಸು, ಶುಂಠಿ, ಜೀರಿಗೆಯ ಕಷಾಯ ನಾನು ಈಗಲೂ ಕುಡಿಯುತ್ತೇನೆ. ಗಂಟಲಿಗೆ ಹಿತ. ಅಲರ್ಜಿಯನ್ನು ಅದು ನಿಲ್ಲಿಸುವುದಿಲ್ಲ. ಮನೆಯಲ್ಲೇ ಮಾಡುವ ಉಪಾಯಗಳಲ್ಲಿ ನನಗೆ ನಿಜವಾಗಿ ಫಲ ಕೊಟ್ಟದ್ದು ಜಲನೇತಿ, ಅಂದರೆ ಉಪ್ಪುನೀರಿನಿಂದ ಮೂಗು ತೊಳೆಯುವುದು. ಅರ್ಧ ಲೀಟರ್ ನೀರಿಗೆ ಮಟ್ಟಸವಾಗಿ ಒಂದು ಟೀ ಚಮಚ ಉಪ್ಪು, ಚಿಟಿಕೆ ಅಡುಗೆ ಸೋಡಾ. ನೀರು ಕುದಿಸಿ ಉಗುರುಬೆಚ್ಚಗೆ ಆರಿಸಿದ್ದೇ ಆಗಬೇಕು, ನಲ್ಲಿ ನೀರು, ಬಾವಿ ನೀರು ಹಾಗೇ ಬಳಸಲೇಬಾರದು. ಮೂಗಿನಿಂದ ಮೆದುಳಿಗೆ ಏರುವ ಅಮೀಬಾದಿಂದ ಪಕ್ಕದ ಕೇರಳದಲ್ಲಿ ಜನ ಸತ್ತಿದ್ದಾರೆ. ಸಿಂಕ್ ಮೇಲೆ ಬಾಗಿ, ತಲೆ ಒಂದು ಪಕ್ಕಕ್ಕೆ ವಾಲಿಸಿ, ಬಾಯಲ್ಲಿ ಉಸಿರಾಡುತ್ತಾ ಮೇಲಿನ ಹೊಳ್ಳೆಗೆ ಹೊಯ್ದರೆ ಕೆಳಗಿನದರಿಂದ ಹೊರಬರುತ್ತದೆ. ಉರಿದರೆ ಉಪ್ಪಿನ ಅಳತೆ ತಪ್ಪಿದೆ ಎಂದರ್ಥ. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು ಸ್ಪ್ರೇ.

ಸಹ ಶಿಕ್ಷಕರಿಗೆ ಒಂದು ಮಾತು. ಶ್ರಮದಾನದ ದಿನ ಮಕ್ಕಳ ಬರಿಗೈಯಲ್ಲಿ ಕಾಂಗ್ರೆಸ್ ಗಿಡ ಕೀಳಿಸಬೇಡಿ. ಅದರ ಪರಾಗ ಮೂಗಿಗೆ, ಎಲೆ ಚರ್ಮಕ್ಕೆ ತೊಂದರೆ ಕೊಡುತ್ತದೆ. ದೊಡ್ಡವರು ಗ್ಲೌಸ್ ಹಾಕಿ, ಹೂವು ಬಿಡುವ ಮುಂಚೆ ಕೀಳಬೇಕು. ಸದಾ ಅಂಗೈಯಿಂದ ಮೂಗನ್ನು ಮೇಲಕ್ಕೆ ಉಜ್ಜುವ, ಮೂಗಿನ ಮೇಲೆ ಅಡ್ಡಗೆರೆ ಬಿದ್ದ ಮಗು ನಿಮ್ಮ ತರಗತಿಯಲ್ಲಿದ್ದರೆ ತಂದೆತಾಯಿಗೆ ಹೇಳಿ. ರಾತ್ರಿ ಕೆಮ್ಮು, ಓಡಿದಾಗ ಎದೆ ಬಿಗಿತ, ಸುಯ್ ಎನ್ನುವ ಸದ್ದು ಇದ್ದರೆ ಉಬ್ಬಸಕ್ಕೂ ತೋರಿಸಬೇಕು. ಮೂಗಿನ ಅಲರ್ಜಿ ಮತ್ತು ಉಬ್ಬಸ ಎಷ್ಟೋ ಸಲ ಜೊತೆಯಲ್ಲೇ ಇರುತ್ತವೆ.

ಇಮ್ಯುನೋಥೆರಪಿ ಎನ್ನುವ ದಾರಿಯೂ ಇದೆ. ಆಗದ ವಸ್ತುವನ್ನೇ ಸ್ವಲ್ಪ ಸ್ವಲ್ಪವಾಗಿ, ಇಂಜೆಕ್ಷನ್ ಅಥವಾ ನಾಲಿಗೆ ಕೆಳಗಿನ ಹನಿಯ ರೂಪದಲ್ಲಿ, 3ರಿಂದ 5 ವರ್ಷ ಕೊಡುತ್ತಾರೆ. ಪ್ರತಿ ಇಂಜೆಕ್ಷನ್ ಆದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಬೇಕು, ಅಪರೂಪಕ್ಕೆ ಮೈಯೆಲ್ಲ ರಿಯಾಕ್ಷನ್ ಆಗಬಹುದು. ಸ್ಪ್ರೇ, ನೇತಿಯಲ್ಲೇ ಹಿಡಿತಕ್ಕೆ ಬಂದಿರುವುದರಿಂದ ಸದ್ಯ ನಾನು ಶುರು ಮಾಡಿಲ್ಲ. ಈ ಮಳೆಗಾಲ ಹೇಗೆ ಕಳೆಯುತ್ತದೆ ನೋಡಿ ಡಾಕ್ಟರ ಜೊತೆ ಕೂತು ತೀರ್ಮಾನ ಮಾಡುತ್ತೇನೆ.